ಬಂದರವಾಡಿಗೆ ಬಂದ ರಾಜ

ಬಂದರವಾಡಿ, ಇಚಲಕರಂಜಿ ಹತ್ತಿರ
14 ಅಕ್ಟೋಬರ್ 2024

ಒಂದು ಕಾಲದ ಪ್ರಾಣಮಿತ್ರ, ಪಂಚಗಂಗೆಯ ಅಂಬಿಗ, ಸದ್ಯ ಗಡಹಿಂಗ್ಲಜದಲ್ಲಿ ಕೂತು ತಗಡು ಬಡಿಯುತ್ತಿರುವ ಜ್ಞಾನುವಿಗೆ,

ಪರದೆ ಸರಿಯುತ್ತಿದೆ! ಮೂವತ್ತೆಂಟು ವರ್ಷಗಳ ಮೇಲೆ ಸರಿಯುತ್ತಿದೆ! ಬೆಳಕು ನನ್ನ ಮೇಲೆ ಬಿದ್ದಿದೆ, ಕೈಯಲ್ಲಿ ಲೇಖನಿ ಇದೆ, ಎದೆಯಲ್ಲಿ ಊರಿನ ಚಿಂತೆ ಕುದಿಯುತ್ತಿದೆ. ನೀನು ಸುತ್ತಿಗೆಯನ್ನು ಕೆಳಗಿಡು, ಮುಖ ತೊಳೆದುಕೋ, ಆಮೇಲೆ ಮುಂದೆ ಓದು.

ಫೋನು ಯಾಕೆ ಮಾಡಲಿಲ್ಲ ಎನ್ನುತ್ತೀಯ. ಮಾಡಿದೆ. ಹನ್ನೊಂದು ಸಲ ಮಾಡಿದೆ. ನೀನು ನನ್ನ ನಂಬರನ್ನೇ ಬ್ಲಾಕ್ ಮಾಡಿರುವ ಸಂಗತಿಯನ್ನು ನನ್ನ ಸೊಸೆ ರುತುಜಾ ಪತ್ತೆ ಹಚ್ಚಿದಳು. “ಮಾಮಾ, ನಿಮ್ಮ ಧ್ವನಿ ಕೇಳಬಾರದು ಅಂತ ಹಂಗ ಮಾಡ್ಯಾರ್ರಿ” ಎಂದಳು. ಇರಲಿ. ಧ್ವನಿಯನ್ನು ತಡೆಯಲು ಬಟನ್ ಇದೆ. ರಜಿಸ್ಟರ್ ಟಪಾಲನ್ನು ತಡೆಯುವ ಬಟನ್ ಇನ್ನೂ ಹುಟ್ಟಿಲ್ಲ.

ಪ್ರಸಂಗಕ್ಕೆ ಬರುತ್ತೇನೆ. ನಮ್ಮ ಬಂದರಕ್ಕೆ ಗಂಡಾಂತರ ಬಂದಿದೆ. ಸಮುದ್ರ ಸಹ್ಯಾದ್ರಿಯ ಆಚೆ ಬಿದ್ದಿದ್ದರೂ ಹೊಳೆದಂಡೆಯ ಹದಿನೆಂಟು ಮೆಟ್ಟಿಲುಗಳಿಗೆ ‘ಬಂದರ’ ಎಂದು ಹೆಸರಿಟ್ಟ ನಮ್ಮ ಹಿರಿಯರ ಎದೆಗಾರಿಕೆಯನ್ನು ನೆನೆ! ಆ ಮೆಟ್ಟಿಲುಗಳ ಮೇಲೆ ಈಗ ಕಾಂಕ್ರೀಟಿನ ಗೋಡೆ ಬರಲಿದೆ. ಮಹಾಪೂರ ತಡೆಯುವ ಯೋಜನೆಯಂತೆ. ಹದಿನಾರು ಅಡಿ ಎತ್ತರ, ದಂಡೆಯ ಉದ್ದಕ್ಕೂ. ಈ ಭಾಗದಲ್ಲಿ ಹೊಳೆಗಿಳಿಯುವ ಒಂದೇ ಒಂದು ಘಾಟನ್ನು ತೆರೆದಿಡುತ್ತಾರೆ, ಅದೂ ಇತಿಹಾಸ ಇದ್ದದ್ದನ್ನು. ಜನವರಿ ಇಪ್ಪತ್ತಕ್ಕೆ ಸಮಿತಿ ಬರುತ್ತದೆ. ನಾವು ಸೋತರೆ ಬಂದರವಾಡಿಯವರಿಗೆ ಹೊಳೆ ಕಿವಿಗೆ ಕೇಳುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಶ್ರಾವಣದಲ್ಲಿ ನನ್ನ ಹೆಂಡತಿ ಕಲ್ಲವ್ವ ಹೊಳೆಗೆ ಉಡಿ ತುಂಬಬೇಕಾದರೆ ತೆಂಗಿನಕಾಯಿಯನ್ನು ಗೋಡೆಯ ಆಚೆ ಎಸೆಯಬೇಕು. ಆಚೆ ಯಾರ ತಲೆ ಇರುತ್ತದೋ!

ಊರು ನನ್ನನ್ನು ಇತಿಹಾಸಕಾರನನ್ನಾಗಿ ನೇಮಿಸಿದೆ. ಸಭೆಯಲ್ಲಿ “ಯಾರ್ ಬರೀತೀರಿ?” ಎಂದು ಕೇಳಿದಾಗ ನಾನು ಆಗಲೇ ಎದ್ದು ನಿಂತಿದ್ದೆ ಎಂಬುದೂ ನಿಜ. ನಲವತ್ತು ಪುಟ ಬರೆದಿದ್ದೇನೆ. ಕನ್ನಡ ಬಾರದ ಸಮಿತಿಗಾಗಿ ಅದನ್ನು ಮರಾಠಿಗೆ ಇಳಿಸುತ್ತಿರುವ ರುತುಜಾ, “ಮಾಮಾ, ಇಷ್ಟ್ ಗುಡುಗು ಮರಾಠಿಯೊಳಗ ಹಿಡಸೂದಿಲ್ಲರಿ” ಎಂದು ಅಳುತ್ತಿದ್ದಾಳೆ.

ಮತ್ತು ಕೇಳು! ಒಂದು ಮಹಾ ಸಂಶೋಧನೆ ನನ್ನ ಕೈಯಿಂದ ಆಗಿದೆ. ಕೆಳಗೇರಿಯ ಯಮುನವ್ವನಿಗೆ ಈಗ ತೊಂಬತ್ತೊಂದು. ಆಕೆ ಸಾಕ್ಷಿ ನುಡಿದದ್ದನ್ನು ಅಕ್ಷರಶಃ ಬರೆಯುತ್ತೇನೆ: “ರಾಜ ಬಂದಿದ್ದಾ ಯಪ್ಪಾ. ನಾವಿಯೊಳಗ ನಿಂತ ಬಂದ. ತಲಿ ಮ್ಯಾಲ ಕಿರೀಟ, ಮಾರಿ ಕೆಂಪಗ ಧಗಧಗ ಅಂತಿತ್ತು. ಒಂದ ಕಡಿ ಮೀಸಿ ಇತ್ತು, ಇನ್ನೊಂದ ಕಡಿ ಇರಲಿಲ್ಲ.”

“ಆ ಕಡಿ ಮೀಸಿ ಎಲ್ಲಿ ಹೋಗಿತ್ತು, ಅಜ್ಜಿ?”

“ನನಗೇನ್ ಗೊತ್ತು? ಯುದ್ಧದಾಗ ಹೋಗಿರಬೇಕು.”

ರೋಮಾಂಚನ, ಜ್ಞಾನು! ಇನ್ನಿಬ್ಬರು ಮುದುಕಿಯರೂ ಇದನ್ನೇ ಹೇಳಿದರು, ಮೀಸೆ ಸಮೇತ. ಯಾವ ವರ್ಷ ಎಂದರೆ “ನಮ್ಮ ಎಮ್ಮಿ ಅವಳಿ ಈದ ವರ್ಷ” ಎಂದರು. ಸುಮಾರು ಇನ್ನೂರು ವರ್ಷದ ಹಿಂದೆ ಇರಬೇಕೆಂದು ನಾನು ನಿರ್ಧರಿಸಿದ್ದೇನೆ. ಅಜ್ಜಿಯ ಅಜ್ಜಿ ಕಂಡದ್ದನ್ನು ಅಜ್ಜಿ ತನ್ನ ಕಣ್ಣಿಗೆ ಹಚ್ಚಿಕೊಂಡಿದ್ದಾಳೆ, ಅಷ್ಟೆ. ಹದಿನೇಳನೆಯ ಪುಟದಲ್ಲಿ ವೈರಿಯ ಕತ್ತಿ ಆ ಮೀಸೆಯನ್ನು ಹಾರಿಸುತ್ತದೆ. ಓದಿ ನೀನು ಅಳದಿದ್ದರೆ ನಾನು ನಟನೇ ಅಲ್ಲ.

ಸಮಿತಿಗೆ ಎರಡನೆಯ ಸಾಕ್ಷಿ ಅಂಬಿಗರ ಮನೆಯದೇ ಬೇಕಂತೆ. ಆ ಮನೆಯಲ್ಲಿ ಉಳಿದವನು ನೀನೊಬ್ಬ. ನಲವತ್ತು ಪುಟದ ಪ್ರತಿಯನ್ನೂ ಒಂದು ಕಾಗದವನ್ನೂ ಇದರೊಂದಿಗೆ ಇಟ್ಟಿದ್ದೇನೆ. ಕೆಂಪು ಗುರುತಿದ್ದಲ್ಲಿ ಸಹಿ ಮಾಡು.

ಹಳೆಯದನ್ನು ಬಿಡೋಣ. ನನ್ನ ರಂಗಜೀವನವನ್ನು ನೀನು ಹೊಳೆಯಲ್ಲಿ ಮುಳುಗಿಸಿದ್ದನ್ನು ನಾನು ಎಂದೋ ಮರೆತಿದ್ದೇನೆ.

ನಿನ್ನ ಉದಾರಹೃದಯಿ
ಕಾಡಸಿದ್ದ


ಗಡಹಿಂಗ್ಲಜ
6 ನವೆಂಬರ್ 2024

ಶ್ರೀ ಕಾಡಸಿದ್ದಪ್ಪನವರಿಗೆ ಜ್ಞಾನು ಮಾಡುವ ನಮಸ್ಕಾರ.

ನಿಮ್ಮ ರಜಿಸ್ಟರ್ ಮುಟ್ಟಿತು. ಸಹಿ ಮಾಡುವುದಿಲ್ಲ. ಕಾಗದ ವಾಪಸ್ಸು ಇಟ್ಟಿದ್ದೇನೆ.

ನಲವತ್ತು ಪುಟವನ್ನೂ ಓದಿದೆ. ರಾಜ ಬಂದ, ಸೇನಾಪತಿ ಬಂದ, ಆನೆ ಬಂತು. ಆ ಮೆಟ್ಟಿಲುಗಳನ್ನು ಆನೆ ಹೇಗೆ ಇಳಿಯಿತು ಎಂದು ಬರೆದಿಲ್ಲ. ಅಂಬಿಗ ಎಲ್ಲೂ ಬರಲಿಲ್ಲ. ಹದಿನೇಳನೆಯ ಪುಟದಲ್ಲಿ ನಾವೆ ‘ತಾನಾಗಿ ತೇಲಿ ಬಂತು’ ಎಂದು ಬರೆದಿದ್ದೀರಿ. ನಮ್ಮ ಮನೆಯಲ್ಲಿ ನಾಲ್ಕು ತಲೆಮಾರು ಹುಟ್ಟು ಹಾಕಿದ್ದಾರೆ. ನಾವೆ ತಾನಾಗಿ ತೇಲಿ ಬರುವ ಹಾಗಿದ್ದರೆ ನನ್ನಪ್ಪನ ಬಲಭುಜ ಎಡಭುಜಕ್ಕಿಂತ ನಾಲ್ಕು ಬೆರಳು ಇಳಿಯುತ್ತಿರಲಿಲ್ಲ.

ಇನ್ನು ರಾಜನ ವಿಷಯ. ಆತ ಬಂದದ್ದು ಇನ್ನೂರು ವರ್ಷದ ಹಿಂದಲ್ಲ. 1986ರ ಮಾರ್ಚ್ ತಿಂಗಳು, ಸಂಜೆ ಆರು ಗಂಟೆಗೆ. ಬಂದರದ ಮೆಟ್ಟಿಲ ಮೇಲೆ ಊರವರು ನಾಟಕ ಆಡಿದ್ದರು. ಮುಖಕ್ಕೆ ಕುಂಕುಮ ಕಲಸಿದ ಎಣ್ಣೆ ಹಚ್ಚಿದ್ದರು. ಕಿರೀಟ ತಗಡಿನದು, ಹುಪರಿಯ ಬೆಳ್ಳಿ ಕೆಲಸದವನೊಬ್ಬ ಅದಕ್ಕೆ ಬಣ್ಣ ಕೊಟ್ಟಿದ್ದ. ಮೀಸೆಯನ್ನು ಜಾಲಿಯ ಅಂಟಿನಿಂದ ಅಂಟಿಸಿದವನು ನಾನು. ಹೊಳೆಯ ಥಂಡಿಗೆ ಒಂದು ಕಡೆ ಬಿಟ್ಟುಕೊಂಡಿತು. ನಾವೆಯನ್ನು ನಡೆಸಿದವನೂ ನಾನು.

ರಾಜ ನೀವು.

ಇಂತಿ,
ಜ್ಞಾನು

ತಾ.ಕ. ಕಾಡಸಿದ್ದಣ್ಣಾ, ಅಂಚೆಗೆ ಹಾಕುವ ಮೊದಲು ನಾನು, ರಂಗುಬಾಯಿ, ಎರಡು ಸಾಲು ಸೇರಿಸುತ್ತಿದ್ದೇನೆ. ನಮ್ಮವರು ನಿಮ್ಮ ಪುಟಗಳನ್ನು ನಾಲ್ಕು ಸಲ ಓದಿದರು. ಅಂಗಡಿಯ ಟ್ರಂಕುಗಳ ಹಿಂದೆ ಹೋಗಿ ಕೂತು ಓದಿದರು. “ಯಾಕ ನಗಾಕತ್ತೀರಿ?” ಎಂದರೆ “ನಗೂದಿಲ್ಲ, ಕೆಮ್ಮ ಬಂದೈತಿ” ಎಂದರು. ಆನೆ ಬಂದಾಗ ಕೆಮ್ಮು ಜಾಸ್ತಿ ಆಯಿತು. ಕಲ್ಲವ್ವಕ್ಕನಿಗೆ ದೀಪಾವಳಿಯ ಕರಜಿಕಾಯಿ ಕಳಿಸಿದ್ದೇನೆ, ನೀವೊಬ್ಬರೇ ತಿನ್ನಬೇಡಿ.


ಬಂದರವಾಡಿ
18 ನವೆಂಬರ್ 2024

ಎಲೈ ಜ್ಞಾನು,

ಬಾಣ ನಾಟಿತು! ಎದೆಯ ನಟ್ಟನಡುವೆ ನಾಟಿತು! ನಿನ್ನ ಪತ್ರ ಓದಿ ಮಗ್ಗದ ಖೋಲಿಯಲ್ಲಿ ನಿಂತು ನಾನು ಹಾಕಿದ ಕೂಗಿಗೆ ಎಂಟು ಮಗ್ಗಗಳ ಸದ್ದು ಅಡಗಿತೆಂದು ಕೆಲಸದವರು ಹೇಳುತ್ತಾರೆ.

ನಾನು ನಂಬಲಿಲ್ಲ. ನೇರವಾಗಿ ಯಮುನವ್ವನ ಮನೆಗೆ ಹೋದೆ.

“ಅಜ್ಜಿ, ಖರೇ ಹೇಳು. ಆ ರಾಜ ನನ್ನಂಗ ಇದ್ದನೇನು?”

ಅಜ್ಜಿ ಕನ್ನಡಕ ಹಾಕಿಕೊಂಡು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. “ನಿನ್ನಂಗ? ಹಂಗ್ಯಾಕ ಇರ್ತಾನ? ಅಂವ ಚಂದ ಇದ್ದ.”

ಎದೆಗೆ ಸ್ವಲ್ಪ ತಂಪಾಯಿತು, ಸ್ವಲ್ಪ ಉರಿಯೂ ಆಯಿತು. ಹೊರಟವನು ಬಾಗಿಲಲ್ಲಿ ತಿರುಗಿ, ಪರೀಕ್ಷೆಗೆಂದು, ಆ ನಾಟಕದ ಮೊದಲ ಮಾತನ್ನು ಬಲಗೈ ಎತ್ತಿ ಹೇಳಿದೆ: “ಪ್ರಜೆಗಳಿರಾ! ನಿಮ್ಮ ಕಣ್ಣೀರು ಒರೆಸಲು ನಾನು ನೀರನ್ನೇ ದಾಟಿ ಬಂದಿದ್ದೇನೆ!”

ಅಜ್ಜಿ ಹಾಸಿಗೆಯಿಂದ ಎದ್ದಳು. ಆರು ತಿಂಗಳಿಂದ ಏಳದವಳು ಎದ್ದಳು! ಕೈ ಮುಗಿದಳು. “ಅವನs ಇಂವ! ಇದs ಧ್ವನಿ! ರಾಜ ಸತ್ತ ನಿನ್ನ ಮೈಯಾಗ ಬಂದಾನಲೋ!”

ತಲೆ ಬಗ್ಗಿಸಿಕೊಂಡು ಮನೆಗೆ ಬಂದೆ.

ಆದರೆ ಕಾಲ ಮಿಂಚಿದೆ, ಜ್ಞಾನು. ತರುಣ ಮಂಡಳದ ಅಧ್ಯಕ್ಷ ಯುವರಾಜ ಬಸ್ ಸ್ಟ್ಯಾಂಡಿನಲ್ಲಿ ಇಪ್ಪತ್ತು ಅಡಿಯ ಫ್ಲೆಕ್ಸ್ ಏರಿಸಿಬಿಟ್ಟಿದ್ದಾನೆ. ಅರ್ಧ ಮೀಸೆಯ ರಾಜ ನಾವೆಯಲ್ಲಿ ನಿಂತಿದ್ದಾನೆ, ಹಿಂದೆ ಸೂರ್ಯ ಮುಳುಗುತ್ತಿದ್ದಾನೆ, ಕೆಳಗೆ ಮಂಡಳದ ಹದಿಮೂರು ಹುಡುಗರ ಫೋಟೊ. ಸಮಿತಿಯ ಕಚೇರಿಯಿಂದ ಮೊದಲೇ ನೋಡಲು ಬಂದಿದ್ದ ಗುಮಾಸ್ತ ಖುಷಿಯಾಗಿ “ರಾಜಾ ಆಲೇ ಹೋತೇ ನಾ? ಮಗ ಕಾಮ ಝಾಲಂ!” ಎಂದು ಹೋಗಿದ್ದಾನೆ. ರಾಜ ಬಂದಿದ್ದರೆ ಕೆಲಸ ಆದಂತೆಯೇ! ಪೈಪೋಟಿಗೆ ನಿಂತ ಪಕ್ಕದ ಊರಿನವರ ಹತ್ತಿರ ಒಂದು ಸವೆದ ಕಲ್ಲು ಬಿಟ್ಟರೆ ಏನೂ ಇಲ್ಲ.

ಆದ್ದರಿಂದ ಸುಮ್ಮನಿರು. ಗುಟ್ಟು ಗೊತ್ತಿರುವುದು ನಿನಗೆ, ನನಗೆ ಮತ್ತು ಪಂಚಗಂಗೆಗೆ. ಹೊಳೆ ಬಾಯಿ ಬಿಡುವುದಿಲ್ಲ. ನೀನು ಸಹಿ ಮಾಡಿದರೆ ಬಂದರ ಉಳಿಯುತ್ತದೆ. ಅಂಬಿಗ ಬೇಕೆಂದರೆ ಹದಿನೇಳನೆಯ ಪುಟದಲ್ಲಿ ಒಬ್ಬ ಅಂಬಿಗನನ್ನು ಸೇರಿಸುತ್ತೇನೆ. ಸ್ವಾಮಿನಿಷ್ಠ ಅಂಬಿಗ. ಮಾತು ಕೊಡಲಾಗದು, ಆದರೆ ರಾಜನ ಪಾದಕ್ಕೆ ಒಂದು ಸಲ ಅಡ್ಡಬೀಳುತ್ತಾನೆ.

ಇಷ್ಟಕ್ಕೂ ಅಂದು ನಾವೆಯನ್ನು ಓಲಾಡಿಸಿದವನು ನೀನು. ತಪ್ಪು ಮಾಡಿದವನು ಒಂದು ಸಹಿಗೆ ಇಷ್ಟು ಬಿಗುಮಾನ ಮಾಡಬಾರದು.

ಗಾಯಗೊಂಡರೂ ನಿನ್ನವನೇ ಆದ
ಕಾಡಸಿದ್ದ


ಗಡಹಿಂಗ್ಲಜ
1 ಡಿಸೆಂಬರ್ 2024

ಕಾಡಸಿದ್ದಪ್ಪನವರೇ,

ಹೊಳೆ ಬಾಯಿ ಬಿಡುವುದಿಲ್ಲ. ನಾನು ಬಿಡುತ್ತೇನೆ.

ನಾವೆಯಲ್ಲಿ ನಿಂತು ಯಾರೂ ದಾಟಬಾರದು. ಮದುಮಗ ಕೂಡಬೇಕು, ಸಾಹುಕಾರ ಕೂಡಬೇಕು, ಫೌಜದಾರ ಬಂದರೂ ಕೂಡಬೇಕು. ದಂಡೆಯ ಮೇಲೆ ಯಾರದು ಏನೇ ನಡೆಯಲಿ, ನೀರಿನ ಮೇಲೆ ಅಂಬಿಗನ ಮಾತು ನಡೆಯುತ್ತದೆ. ಇದು ಬಂದರದ ಕಟ್ಟಳೆ, ನಿಮಗೂ ಗೊತ್ತು. ಚಿಕ್ಕಂದಿನಲ್ಲಿ ನಿಮ್ಮ ಕಿವಿ ಹಿಂಡಿ ಕೂಡಿಸಿದವನು ನನ್ನಪ್ಪ.

ಆ ಸಂಜೆ ನಾನು ಮೂರು ಸಲ ಹೇಳಿದೆ. “ಕುಂದ್ರು ಕಾಡ್ಯಾ, ಕುಂದ್ರಲೇ.” ನೀವು ಏನೆಂದಿರಿ? “ರಾಜ ಕುಂತ ಎಂಟ್ರಿ ಕೊಡ್ತಾನೇನಲೇ?” ಎಂದಿರಿ. ಎದ್ದು ನಿಂತಿರಿ. ಬಲಗೈ ಎತ್ತಿ ‘ನೀರನ್ನೇ ದಾಟಿ’ ಎನ್ನುವಾಗ ಬಲಗಾಲನ್ನೂ ಎತ್ತಿದಿರಿ. ಆಮೇಲೆ ನೀರನ್ನು ದಾಟಲಿಲ್ಲ, ನೀರಿಗೇ ಬಿದ್ದಿರಿ. ಕೂದಲು ಹಿಡಿದು ಎಳೆದೆ, ವೇಷದ ಟೋಪನ್ ಕೈಗೆ ಬಂತು. ಕೊರಳು ಹಿಡಿದು ಎಳೆದೆ, ನೀವು ಬಂದಿರಿ.

ಮರುದಿನ ಚಾವಡಿಯ ಕಟ್ಟೆ ಹತ್ತಿ ಊರಿಗೆಲ್ಲ ಕೇಳುವ ಹಾಗೆ “ಅಂಬಿಗ ಮುಳುಗಿಸಿದ” ಎಂದಿರಿ. ನಿಮ್ಮ ಧ್ವನಿಯ ಮುಂದೆ ನನ್ನದು ಎಲ್ಲಿಯದು? ಅಂದಿನಿಂದ ನನ್ನ ನಾವೆಗೆ ಯಾರೂ ಕಾಲಿಡಲಿಲ್ಲ. ಎರಡು ತಿಂಗಳು ಹುಟ್ಟು ಹಿಡಿದು ಮೆಟ್ಟಿಲ ಮೇಲೆ ಕೂತೆ. ಮೇವು ಹೊತ್ತ ಹೆಂಗಸರು ಏಳು ಕಿಲೋಮೀಟರ್ ಸುತ್ತು ಹಾಕಿ ಹೋದರು, ನನ್ನ ಮುಖ ನೋಡದೆ ಹೋದರು. ಆಮೇಲೆ ರಂಗುಬಾಯಿಯ ತವರಿಗೆ, ಈ ಗಡಹಿಂಗ್ಲಜಕ್ಕೆ ಬಂದೆ.

ನಾಟಕ ಕಂಪನಿಯ ಮ್ಯಾನೇಜರ್ ಅಂದು ನೋಡಲು ಬಂದಿದ್ದ, ಜ್ಞಾನುವಿನಿಂದ ಕೆಲಸ ತಪ್ಪಿತು ಎಂದು ಊರಿಗೆ ಹೇಳಿದಿರಿ. ತಪ್ಪಿರಲಿಲ್ಲ. ನೀರಿನಿಂದ ಎದ್ದ ನಿಮ್ಮನ್ನು ನೋಡಿ ಆತ ಹೊಟ್ಟೆ ಹಿಡಿದು ನಕ್ಕು, “ನಾಳಿಂದs ಬರ್ರಿ, ಹಾಸ್ಯಗಾರನ ಪಾರ್ಟ್ ಕೊಡ್ತೇನಿ” ಎಂದ. ಬೇಡ ಎಂದವರು ನೀವು. ನಾನು ಪಕ್ಕದಲ್ಲೇ ನಿಂತು ನಿಮ್ಮ ರಾಜಪೋಷಾಕನ್ನು ಹಿಂಡುತ್ತಿದ್ದೆ.

ನಿಮಗೆ ಇತಿಹಾಸ ಬೇಕಾದರೆ ಬರೆದುಕೊಳ್ಳಿ. ನಿಮ್ಮೂರಿಗೆ ಬಂದ ಮೊದಲ ಮಗ್ಗ ಬಿಡಿಬಿಡಿಯಾಗಿ ನಮ್ಮ ನಾವೆಯಲ್ಲಿ ಬಂತು. ನೂಲಿನ ಗಂಟು, ಬೆಲ್ಲದ ಪೆಂಟೆ, ಮದುಮಗಳಾಗಿ ನಿಮ್ಮವ್ವ, ಎಲ್ಲ ನಮ್ಮ ನಾವೆಯಲ್ಲೇ ಬಂದದ್ದು. ನಿಮ್ಮಪ್ಪನಿಗೆ ಹಾವು ಕಚ್ಚಿದಾಗ ಮಳೆಗಾಲದ ಹೊಳೆಯಲ್ಲಿ ನನ್ನಪ್ಪ ದಾಟಿಸಿದ. ರಾಜ ಒಬ್ಬನೂ ಬರಲಿಲ್ಲ. ಬಂದಿದ್ದರೂ ಕೂಡಿಸುತ್ತಿದ್ದೆವು.

ಸಹಿ ಕೇಳಬೇಡ. ಅಂದು ಕಟ್ಟೆಯ ಮೇಲೆ ಹೇಳಿದ ಧ್ವನಿಯಲ್ಲೇ, ಅದೇ ಊರಿನ ಮುಂದೆ, ಆದದ್ದನ್ನು ಹೇಳು. ಆಗದಿದ್ದರೆ ನನಗೆ ಟಪಾಲು ಹಾಕಬೇಡ.

ಜ್ಞಾನು


ಬಂದರವಾಡಿ
22 ಡಿಸೆಂಬರ್ 2024

ತಂಗಿ ರಂಗುಬಾಯಿಗೆ ಕಲ್ಲವ್ವನ ಆಶೀರ್ವಾದ.

ಕರಜಿಕಾಯಿ ಮುಟ್ಟಿತ್ತು. ಭಾಳ ಚಲೋ ಆಗಿದ್ದವು.

ನಿನ್ನ ಗಂಡನ ಪತ್ರ ಬಂದಂದಿನಿಂದ ನಮ್ಮವರು ಮಾತು ಬಿಟ್ಟಿದ್ದಾರೆ. ಇವತ್ತಿಗೆ ಹದಿನೇಳು ದಿನ. ನಲವತ್ತೊಂದು ವರ್ಷದ ಸಂಸಾರದಲ್ಲಿ ಗಡಿಯಾರದ ಸದ್ದನ್ನು ನಾನು ಮೊದಲ ಸಲ ಕೇಳಿದೆ. ಎಡಮನೆಯವರು “ಕಾಕಾ ಊರಾಗಿಲ್ಲೇನ್ರಿ?” ಎಂದು ಕೇಳಿಕೊಂಡು ಬಂದರು. ಬಲಮನೆಯವರು ಡಾಕ್ಟರನ್ನೇ ಕರೆದುಕೊಂಡು ಬಂದರು. ಡಾಕ್ಟರು “ಬಾಯಿ ತೆಗೀರಿ, ಆ ಅನ್ರಿ” ಎಂದರೆ ಬಾಯಿ ತೆಗೆದರು, ಆ ಅನ್ನಲಿಲ್ಲ.

ನಿನ್ನೆ ನಾನೇ ಕೇಳಿದೆ. “ಖರೇನ ಜ್ಞಾನಣ್ಣಂದ ತಪ್ಪಿರಲಿಲ್ಲೇನ್ರಿ?” ಇವರು ರೊಟ್ಟಿಯ ತುಣುಕನ್ನು ತಾಟಿನಲ್ಲಿ ಸುಮ್ಮನೆ ತಿರುಗಿಸುತ್ತ ಕೂತರು. ಮದುವೆಯಾಗಿ ಮೂರನೆಯ ವರ್ಷ ನಡೆದದ್ದು ಅದು. ನಾನೂ ಆವತ್ತು ಮೆಟ್ಟಿಲ ಮೇಲೆ ಕೂತಿದ್ದೆ, ನೋಡಿದ್ದೆ. ಇವರ ಕಾಲು ಎದ್ದದ್ದನ್ನೂ ನೋಡಿದ್ದೆ. ಹೊಸ ಸೊಸೆ, ಏನು ಹೇಳಲಿ ಎಂದು ಸುಮ್ಮನಾದೆ. ಸುಮ್ಮನಾದದ್ದು ಹಾಗೇ ರೂಢಿಯಾಯಿತು.

ಈ ಮಾತನ್ನು ನಿನ್ನ ಗಂಡನಿಗೆ ಹೇಳುವುದೋ ಬಿಡುವುದೋ ನಿನಗೆ ಬಿಟ್ಟದ್ದು. ಕನಿಕರಪಟ್ಟು ಸಹಿ ಮಾತ್ರ ಮಾಡಿಸಬೇಡ. ಮನೆ ಹೀಗೆ ತಣ್ಣಗಿದ್ದರೆ ನನಗೂ ಏನೂ ತೊಂದರೆ ಇಲ್ಲ.

ನಿನ್ನ ಅಕ್ಕ
ಕಲ್ಲವ್ವ


ಬಂದರವಾಡಿ
21 ಜನವರಿ 2025

ಜ್ಞಾನು,

ಟಪಾಲು ಹಾಕಬೇಡ ಎಂದಿದ್ದೆ. ಹಾಕುವ ಹಕ್ಕು ನಿನ್ನೆ ಸಿಕ್ಕಿತೆಂದು ಹಾಕುತ್ತಿದ್ದೇನೆ.

ನಿನ್ನೆ ಸಮಿತಿ ಬಂತು. ಮೆಟ್ಟಿಲ ಮೇಲೆ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಇಡೀ ಊರು. ಮೂವರು ಬಂದಿದ್ದರು, ಮುಖ್ಯಸ್ಥೆ ಒಬ್ಬ ಮೇಡಂ. ರುತುಜಾ ನನ್ನ ಇತಿಹಾಸವನ್ನು ಮರಾಠಿಯಲ್ಲಿ ಓದಿದಳು. ಆನೆ ಬಂದಾಗ ಸಿಳ್ಳೆ ಬಿದ್ದವು. ಹದಿನೇಳನೆಯ ಪುಟಕ್ಕೆ ಚಪ್ಪಾಳೆ ನಿಲ್ಲಲೇ ಇಲ್ಲ. ನನ್ನ ಜನ್ಮದಲ್ಲಿ ಅಂಥ ಚಪ್ಪಾಳೆ ಕೇಳಿಲ್ಲ, ಸುಳ್ಳು ಯಾಕೆ ಹೇಳಲಿ, ಹೊಟ್ಟೆ ತುಂಬಿತು.

ಮೇಡಂ ಪೆನ್ನು ತೆಗೆದು, ಅರ್ಜಿಯಲ್ಲಿ ಬರೆದುಕೊಳ್ಳಲು, ನಗುತ್ತ ಕೇಳಿದರು: “ರಾಜಾಂಚಂ ನಾವ ಕಾಯ?”

ರಾಜನ ಹೆಸರು! ಮೂರು ಹೆಸರು ತಯಾರಿಟ್ಟುಕೊಂಡಿದ್ದೆ. ಒಂದಕ್ಕಿಂತ ಒಂದು ಭರ್ಜರಿ. ಊರಿನ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ಎದ್ದು ನಿಂತೆ. ಬಾಯಿ ತೆಗೆದೆ.

“ಕಾಡಸಿದ್ದ” ಎಂದೆ.

“ಅರೇ ವಾ! ತುಮಚೇ ಪೂರ್ವಜ?” ನಿಮ್ಮ ಪೂರ್ವಜರೇ ಎಂದು ಮೇಡಂ ಕೇಳಿದರು.

“ನಾಹೀ ಮೇಡಂ. ಮೀಚ.” ನಾನೇ.

ಮೇಡಂ ಅವರಿಗೆ ಅರ್ಥವಾಗಲಿಲ್ಲ. ಊರಿಗೂ ಆಗಲಿಲ್ಲ. ಆಗ ಕನ್ನಡಕ್ಕೆ ತಿರುಗಿದೆ. ಎಂಥ ಧ್ವನಿಯಲ್ಲಿ ಹೇಳಿದೆನೆಂದು ಯಾರನ್ನಾದರೂ ಕೇಳು, ಆಚೆ ದಂಡೆಯ ಕಬ್ಬಿನಲ್ಲಿದ್ದ ಕೊಕ್ಕರೆಗಳು ಎದ್ದುಹೋದವು. “ಕೇಳ್ರಿ ಮಂದಿ! ಆ ಅರ್ಧ ಮೀಸಿ ರಾಜ ನಾನ! ಎಂಬತ್ತಾರನೇ ಇಸವಿ ನಾಟಕದಾಗ ಜ್ಞಾನು ಮೂರ್ ಸಲ ಕುಂದ್ರು ಅಂದ, ನಾ ಕುಂದ್ರಲಿಲ್ಲ! ನಾವಿ ಓಲಾಡಿಸಿದಾಂವ ನಾನು! ಮರುದಿನ ಕಟ್ಟಿ ಮ್ಯಾಲ ಸುಳ್ಳ ಹೇಳಿದಾಂವ ನಾನು! ಒಬ್ಬ ಅಂಬಿಗನ ಅನ್ನ ನೀರಿಗೆ ಹಾಕಿದಾಂವ ನಾನು!”

ಜ್ಞಾನು, ನಾನು ಪ್ರೇಕ್ಷಕರನ್ನು ಬಲ್ಲೆ. ಅಳುತ್ತಾರೆ, ನಗುತ್ತಾರೆ, ಕಲ್ಲು ಎಸೆಯುತ್ತಾರೆ. ನಿನ್ನೆ ಏನೂ ಮಾಡಲಿಲ್ಲ. ಆ ಕಾಲದ ಹೆಂಗಸರು ಒಬ್ಬೊಬ್ಬರೇ ಸೆರಗು ಸರಿ ಮಾಡಿಕೊಳ್ಳುತ್ತ ಹೊಳೆಯ ಕಡೆ ನೋಡತೊಡಗಿದರು.

ಮೊದಲು ಬಾಯಿ ಬಿಟ್ಟವನು ಯುವರಾಜ. “ಕಾಕಾ, ಫ್ಲೆಕ್ಸ್ ಹಾಕೂಕಿಂತ ಮೊದಲ ಹೇಳಬಾರದೇನ್ರಿ?” ಆಮೇಲೆ ಯಮುನವ್ವ ಕುರ್ಚಿಯಿಂದಲೇ ಕೂಗಿದಳು: “ಇಂವ ಸುಳ್ಳ ಹೇಳ್ತಾನ! ರಾಜ ಇಂವಲ್ಲ! ಅಂವ ಚಂದ ಇದ್ದ!”

ಮೇಡಂ ಫೈಲು ಮುಚ್ಚಿದರು. ಬಂದರ ಹೋಯಿತು. ಹೋಗುತ್ತದೆಂದು ತಿಳಿದೇ ಬಾಯಿ ತೆಗೆದಿದ್ದೆ, ಅದಕ್ಕೆ ಅಳುವಂತೆಯೂ ಇರಲಿಲ್ಲ. ಕಾರಿನ ಹತ್ತಿರ ಹೋಗಿ ಆಕೆ ನಿಂತರು, ತಿರುಗಿ ಬಂದರು. “ರಾಜಾ ಸೋಡಾ. ಆಜ ಇಥಂ ನಾವ ಚಾಲತೇ ಕಾ?” ರಾಜನನ್ನು ಬಿಡಿ, ಇವತ್ತು ಇಲ್ಲಿ ನಾವೆ ನಡೆಯುತ್ತದೆಯೇ? ಜನ ದಾಟುವ ಘಾಟನ್ನು ಮುಚ್ಚಲು ನಿಯಮವೇ ಇಲ್ಲವಂತೆ. ಇತಿಹಾಸದ ಮಾತೆಲ್ಲ ಸತ್ತ ಘಾಟುಗಳಿಗೆ. ಫೆಬ್ರವರಿ ಹದಿನೇಳಕ್ಕೆ ಮತ್ತೆ ಬರುತ್ತಾರೆ. ಅಂದು ನಾವೆ ನಡೆದು, ಜನ ಕೂತು ದಾಟಿದ್ದನ್ನು ಕಣ್ಣಾರೆ ಕಾಣಬೇಕು.

ಆಚೆ ದಂಡೆಯ ಹೊಲಕ್ಕೆ ಮೇವಿನ ಹೆಂಗಸರು ಇವತ್ತಿಗೂ ಏಳು ಕಿಲೋಮೀಟರ್ ಸುತ್ತಿ ಹೋಗುತ್ತಾರೆ. ಶಾಲೆಯ ಹಿಂದೆ ಮಹಾಪೂರದ ವರ್ಷ ಸರಕಾರ ಕೊಟ್ಟ ಫೈಬರ್ ನಾವೆ ಬಿದ್ದಿದೆ, ಅದರಲ್ಲಿ ಯಾರದೋ ಮೇಕೆ ಕಟ್ಟಿದ್ದಾರೆ. ನಮ್ಮ ಹುಡುಗರು ಟ್ರ್ಯಾಕ್ಟರ್ ಹೊಡೆಯುತ್ತಾರೆ, ಜೆಸಿಬಿ ಹೊಡೆಯುತ್ತಾರೆ. ಹುಟ್ಟು ಹಾಕುವವನು ಒಬ್ಬನೂ ಇಲ್ಲ.

ಬಾ ಎನ್ನಲು ನನಗೆ ಮುಖವಿಲ್ಲ. ನಲವತ್ತು ಪುಟ ಹರಿದಿದ್ದೇನೆ.

ಕಾಡಸಿದ್ದ


ಗಡಹಿಂಗ್ಲಜ
30 ಜನವರಿ 2025

ಕಾಡ್ಯಾ,

ನಿನ್ನ ಪತ್ರಕ್ಕಿಂತ ಮೊದಲು ವಿಡಿಯೊ ಬಂತು. ಯುವರಾಜ ಎಂಬವನು ಹಾಕಿದ್ದಂತೆ. ಈ ರಂಗೂ ಮೊಬೈಲ್ ಹಿಡಿದು ಇಡೀ ಓಣಿಗೆ ತೋರಿಸಿದಳು. ನಿನ್ನ ಧ್ವನಿಗೆ ನನ್ನ ಅಂಗಡಿಯ ತಗಡುಗಳು ಝಂಯ್ ಎಂದವು. ಎರಡನೆಯ ಸಲ ಸದ್ದು ಸಣ್ಣ ಮಾಡಿ ನೋಡಿದೆ. ಆಮೇಲೆ ಎಷ್ಟು ಸಲ ನೋಡಿದೆ ಎಂದು ಲೆಕ್ಕ ಇಟ್ಟಿಲ್ಲ.

ಕಲ್ಲವ್ವಕ್ಕನ ಪತ್ರವನ್ನೂ ರಂಗೂ ಓದಿದಳು. ಆಕೆಯ ಮೇಲೆ ನನಗೆ ಸಿಟ್ಟಿಲ್ಲ ಎಂದು ಹೇಳು. ಆವತ್ತು ಇಡೀ ಊರೇ ನೋಡಿತ್ತು. ಮುದುಕಿಯರು ಮೀಸೆಯನ್ನು ನೆನಪಿಟ್ಟರು, ಕಾಲನ್ನು ಮರೆತರು.

ನನಗೆ ಅರವತ್ತಾರು. ನನ್ನ ಭುಜವೂ ಅಪ್ಪನ ಹಾಗೇ ಇಳಿದಿದೆ. ಫೈಬರಿನದು ನಾವೆ ಅಲ್ಲ, ಜಳಕದ ಟಬ್. ಆದರೂ ನೋಡೋಣ. ಹೊಳೆಯ ಮೇಲಿನ ಜಲಪರ್ಣಿ ಕಳೆಯನ್ನು ಹುಡುಗರಿಂದ ತೆಗೆಸು, ಆ ಎಲೆಗಳ ನಡುವೆ ಹುಟ್ಟು ಸಿಕ್ಕರೆ ಹೊರಬರುವುದಿಲ್ಲ. ಮೇಕೆಯನ್ನು ಇಳಿಸು.

ಒಂದು ಮಾತು. ಮೂವತ್ತೆಂಟು ವರ್ಷದ ಹಿಂದೆ ಹುಟ್ಟು ಹಿಡಿದು ಕೂತಿದ್ದೆ, ಯಾರೂ ಇಳಿದು ಬರಲಿಲ್ಲ. ಮತ್ತೊಮ್ಮೆ ಹಾಗೆ ಕೂಡುವ ಶಕ್ತಿ ಇಲ್ಲ. ಊರೆಲ್ಲ ನೋಡುವಾಗ ಮೊದಲು ನೀನು ಹತ್ತಬೇಕು. ಹತ್ತುತ್ತೀಯಾ ಇಲ್ಲವಾ, ಅಷ್ಟನ್ನೇ ಬರೆ. ನಾಲ್ಕು ಪುಟ ಬರೆಯಬೇಡ.

ಜ್ಞಾನು


ಬಂದರವಾಡಿ
3 ಫೆಬ್ರವರಿ 2025

ಜ್ಞಾನು,

ನನಗೆ ಈಜು ಬರುವುದಿಲ್ಲ. ಹತ್ತುತ್ತೇನೆ.

ಕಾಡಸಿದ್ದ


ಬಂದರವಾಡಿ
17 ಫೆಬ್ರವರಿ 2025

ತಂಗಿ ರಂಗುಬಾಯಿಗೆ,

ನೀನು ಮೊಣಕಾಲು ನೋವೆಂದು ಬರಲಿಲ್ಲ. ಫೋನಿನಲ್ಲಿ ಕೇಳಿದರೆ ನಿನ್ನ ಗಂಡ “ಏನಿಲ್ಲ, ಆತು” ಎಂದಷ್ಟೇ ಹೇಳುತ್ತಾರೆಂದು ಗೊತ್ತು. ನಮ್ಮವರು ಹೇಳಿದರೆ ಅದರಲ್ಲಿ ಆನೆ ಬರುತ್ತದೆ. ಅದಕ್ಕೆ ನಾನೇ ಬರೆಯುತ್ತಿದ್ದೇನೆ.

ಹತ್ತು ಗಂಟೆಗೆ ಮೇಡಂ ಬಂದರು. ಊರು ಮೆಟ್ಟಿಲ ಮೇಲೆ ಕೂತಿತ್ತು. ಜ್ಞಾನಣ್ಣ ನಾವೆಯಲ್ಲಿ ಹುಟ್ಟು ಹಿಡಿದು ಕೂತಿದ್ದರು, ಯಾರನ್ನೂ ನೋಡುತ್ತಿರಲಿಲ್ಲ. ನಮ್ಮವರು ಧೋತರದ ಮೇಲೆ ಕೇಸರಿ ಬಣ್ಣದ ಲೈಫ್ ಜಾಕೆಟ್ ಹಾಕಿಕೊಂಡು ಇಳಿದರು. ಒಂದಲ್ಲ, ಎರಡು ಹಾಕಿದ್ದರು. ಕೈ ಆಡುತ್ತಿರಲಿಲ್ಲ. ನಾವೆಗೆ ಕಾಲಿಟ್ಟವರೇ ದಪ್ಪನೆ ಕೂತರು. ಹೋಗುವಾಗ ಒಂದು ಮಾತಿಲ್ಲ, ಬರುವಾಗ ಒಂದು ಮಾತಿಲ್ಲ. ತುಟಿ ಮಾತ್ರ ಅಲ್ಲಾಡುತ್ತಿತ್ತು. ಏನೋ ಭಾಷಣ ಇರಬೇಕೆಂದುಕೊಂಡೆ. ಆಮೇಲೆ ಕೇಳಿದರೆ ದೇವರ ಹೆಸರಂತೆ.

ನಾವೆ ತಿರುಗಿ ಬಂದು ನಿಂತಿತು. ಯಾರೂ ಏಳಲಿಲ್ಲ. ಜ್ಞಾನಣ್ಣ ನೀರನ್ನೇ ನೋಡುತ್ತಿದ್ದರು. ಮೇಡಂ ಗಡಿಯಾರ ನೋಡಿಕೊಂಡರು. ನಾನು ಎದ್ದೆ. ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೆಳಗಿಳಿದು ಹೋಗಿ ಕೂತೆ. ನಲವತ್ತೊಂದು ವರ್ಷದಲ್ಲಿ ಮಂದಿಯ ನಡುವೆ ಅಷ್ಟು ದೊಡ್ಡ ಧ್ವನಿ ತೆಗೆದದ್ದು ಅದೇ ಮೊದಲು. “ಆವತ್ತ ನಾನೂ ನೋಡೇನಿ, ನೀವೂ ನೋಡೀರಿ. ಏಳ್ರಿ!” ಎಂದೆ.

ಹಿಂದೆ ಮೇವಿನ ಹೆಂಗಸರು ಎದ್ದರು. ಆಮೇಲೆ ಹಿಡಿಯುವವರಿಲ್ಲ. ಯುವರಾಜನ ಹುಡುಗರು, ಮಗ್ಗದವರು, ಯಮುನವ್ವನನ್ನು ಹೊತ್ತುಕೊಂಡ ಮೊಮ್ಮಕ್ಕಳು, ಎಲ್ಲರಿಗೂ ಈಗಲೇ ಬೇಕು. “ನಾ ಮೊದಲ ಬಂದೇನಿ!” “ನಿಮ್ಮವ್ವ ಬಂದಿದ್ಲೇನ್ ಮೊದಲ?” ತಳ್ಳಾಟದಲ್ಲಿ ಮೇಡಂ ಕೂಡ ನಾವೆಯ ಒಳಗೆ ಬಂದು ಬಿದ್ದರು. ಜ್ಞಾನಣ್ಣ ತಲೆ ಎಣಿಸಿದರು. “ಎಂಟ ಮಂದಿ ಅಷ್ಟs. ಒಂಬತ್ತನೇದವರು ಇಳೀರಿ” ಎಂದರು. ಒಂಬತ್ತನೆಯವರು ಮೇಡಂ. ನಾನು ಕಣ್ಣು ಸನ್ನೆ ಮಾಡಿದೆ, ನಮ್ಮವರು ಕೆಮ್ಮಿದರು, ಯುವರಾಜ “ಕಾಕಾ, ಅವರು ಸಾಹೇಬ್ರು” ಎಂದ. ಜ್ಞಾನಣ್ಣ ಕದಲಲಿಲ್ಲ. “ಮೇಡಂ, ಉತರಾ” ಎಂದರು. ಮೇಡಂ ಇಳಿದರು.

ನಾಲ್ಕು ಸುತ್ತು ಆಗುವವರೆಗೂ ಅವರಿಗೆ ಜಾಗ ಸಿಗಲಿಲ್ಲ. ಮೆಟ್ಟಿಲ ಮೇಲೆ ಸರದಿಯಲ್ಲಿ ನಿಂತೇ ಫೈಲಿನಲ್ಲಿ ‘ನಾವೆ ನಡೆಯುತ್ತದೆ, ಘಾಟು ತೆರೆದಿಡುವುದು’ ಎಂದು ಬರೆದು ಸಹಿ ಮಾಡಿದರು. ಬರೆದಾದ ಮೇಲೂ ಹೋಗಲಿಲ್ಲ. ಐದನೆಯ ಸುತ್ತಿಗೆ ಅವರ ಪಾಳಿ ಬಂತು.

ನಾಳೆ ಬೆಳಿಗ್ಗೆ ಏಳರ ಸುತ್ತಿಗೆ ಮೇವಿನ ಹೆಂಗಸರು ಈಗಲೇ ಹೆಸರು ಹೇಳಿ ಹೋಗಿದ್ದಾರೆ. ನಾಡಿದ್ದಿನದೂ ತುಂಬಿದೆ. ಇಬ್ಬರೂ ಗಂಡಸರು ಪಡಸಾಲೆಯಲ್ಲಿದ್ದಾರೆ. ನಮ್ಮವರು ನಿನ್ನ ಗಂಡನ ಭುಜಕ್ಕೆ ಎಣ್ಣೆ ತಿಕ್ಕುತ್ತಿದ್ದಾರೆ, ಮತ್ತು ಮಾತಾಡುತ್ತಿದ್ದಾರೆ. ಮಾತಾಡುತ್ತಿದ್ದಾರೆ, ಮಾತಾಡುತ್ತಿದ್ದಾರೆ. ನಿನ್ನ ಗಂಡ ಆಗಲೇ ನಿದ್ದೆ ಹೋಗಿ ಬಹಳ ಹೊತ್ತಾಯಿತು.

ಅವರನ್ನು ಈಗ ಕಳಿಸಲಾಗುವುದಿಲ್ಲ. ಅಂಗಡಿಗೆ ಕೀಲಿ ಹಾಕಿ ನೀನೇ ಬಾ.

ನಿನ್ನ ಅಕ್ಕ
ಕಲ್ಲವ್ವ